ಚಂಡಮಾರುತದ ಬಿಡುವಿನ ವೇಳೆ

ಚಂಡಮಾರುತದಲ್ಲಿ ಸಿಡಿಲು ಇರುವುದಿಲ್ಲ ಎಂಬ ವಿಷಯವು ಕಾಪುವಿನ ಚಂಡಮಾರುತ ಸಿದ್ಧತಾ ಕೋಶದಲ್ಲಿ ಮೇ ತಿಂಗಳ ಹತ್ತನೇ ತಾರೀಕು, ಬೆಳಗ್ಗೆ ಹನ್ನೊಂದೂವರೆಗೆ, ಚಹಾ ಬರುವುದಕ್ಕೆ ಸ್ವಲ್ಪ ಮುಂಚೆ ತೀರ್ಮಾನವಾಯಿತು.

ಇದಕ್ಕೆ ಕಾರಣ ಧೃತಿ. ಮಣಿಪಾಲದಲ್ಲಿ ಇಂಗ್ಲಿಷಿನಲ್ಲೇ ಓದಿ ಮುಗಿಸಿದ ಅವಳು ಕೋಶದಲ್ಲಿ ಕರಪತ್ರ ಬರೆಯುವ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಎರಡು ದಿನ ನಿಘಂಟು ಹಿಡಿದು ಕೂತು, "ಚಂಡಮಾರುತದ ನಡುಭಾಗದಲ್ಲಿ ಸಿಡಿಲು ಸಾಮಾನ್ಯವಾಗಿ ಕಡಿಮೆ, ಹೊರಗಿನ ಮಳೆಸಾಲುಗಳಲ್ಲಿ ಹೆಚ್ಚು, ಎಚ್ಚರ ತಪ್ಪಬೇಡಿ" ಎಂದು ಬರೆದಿದ್ದಳು. ಕರಪತ್ರದಲ್ಲಿ ಒಂಬತ್ತು ಗಣ್ಯರ ಭಾವಚಿತ್ರ ಬರಬೇಕಿದ್ದುದರಿಂದ ವಾಕ್ಯಕ್ಕೆ ಜಾಗ ಸಾಲಲಿಲ್ಲ. ಕೋಶದ ಅಧಿಕಾರಿ ಲೀಲಾಧರ ಅವರು ಮೊದಲು ಹೊರಗಿನ ಮಳೆಸಾಲುಗಳನ್ನು ಹೊಡೆದುಹಾಕಿದರು. ಆಮೇಲೆ ನಡುಭಾಗವನ್ನು, ಆಮೇಲೆ "ಸಾಮಾನ್ಯವಾಗಿ"ಯನ್ನು. ಕೊನೆಗೆ "ಕಡಿಮೆ"ಯ ಮೇಲೆ ಅವರ ಪೆನ್ನು ನಿಂತಿತು.

"ಕಡಿಮೆ ಅಂದರೆ ಜನ ಎಷ್ಟು ಅಂತ ಕೇಳ್ತಾರೆ. ಇಲ್ಲ ಅಂದರೆ ಕೇಳುವುದಿಲ್ಲ, ಅಲ್ವಾ?"

ಧೃತಿಗೆ ಆಕ್ಷೇಪ ಇತ್ತು. ಆದರೆ ಅವಳ ಆಕ್ಷೇಪಗಳು ಇಂಗ್ಲಿಷಿನಲ್ಲಿ ಹುಟ್ಟಿ, ಕನ್ನಡಕ್ಕೆ ಬಂದು, ಅಲ್ಲಿ ಧೈರ್ಯಕ್ಕಾಗಿ ಸ್ವಲ್ಪ ಹೊತ್ತು ಕಾದು, ಆಮೇಲಷ್ಟೇ ಬಾಯಿಗೆ ಬರುತ್ತಿದ್ದವು. ಅಷ್ಟರಲ್ಲಿ ನಾಲ್ಕು ಸಾವಿರ ಪ್ರತಿ ಅಚ್ಚಾಗಿತ್ತು.

ಅಚ್ಚಾದ ಮೇಲೆ ಅದಕ್ಕೊಂದು ನಿಯಮ ಬೇಕಾಯಿತು. "ಚಂಡಮಾರುತದ ಅವಧಿಯಲ್ಲಿ ಸಿಡಿಲಿನ ಅರ್ಜಿಗಳನ್ನು ಪರಿಗಣಿಸತಕ್ಕದ್ದಲ್ಲ. ಒಂದು ಮನೆಗೆ ಒಂದು ಕಾಲಕ್ಕೆ ಒಂದೇ ವಿಪತ್ತು." ಶಾಲೆಗಳ ಮಾಡಿನ ಮೇಲೆ ನಿಲ್ಲಿಸಲು ಬಂದಿದ್ದ, ಸಿಡಿಲು ತಡೆಯುವ ಕಂಬಿಗಳು ಗೋದಾಮಿನಲ್ಲೇ ಉಳಿದವು. ಎರಡನ್ನು ಮಾತ್ರ ಪ್ರಯೋಗಾರ್ಥವಾಗಿ ಕಾರ್ಕಳದಲ್ಲಿ ಲೀಲಾಧರರ ಹೊಸ ಮನೆಯ ಮೇಲೆ ನಿಲ್ಲಿಸಿ, ಫಲಿತಾಂಶ ತೃಪ್ತಿಕರ ಎಂದು ದಾಖಲಿಸಲಾಯಿತು.

ಮುಂದಿನ ವಾರ ಚಂಡಮಾರುತ ಬಂತು. ಅದರ ಎರಡನೇ ದಿನ ಮಧ್ಯಾಹ್ನ ಧೃತಿಯ ತಾಯಿ ರತ್ನಾವತಿ ಮನೆಯ ಪ್ಲಗ್ಗುಗಳನ್ನೆಲ್ಲ ಎಳೆಯುತ್ತಾ ಬಂದರು. ಅವರದು ಕಾಪು ಮಾರ್ಕೆಟಿನಲ್ಲಿ ಮೀನಿನ ವ್ಯಾಪಾರ. ಮಳೆಗಾಲದ ರಜೆಗೆ ಬೋಟುಗಳು ದಡ ಸೇರುವ ಮುಂಚೆ ಬಂಗುಡೆ, ಎಟ್ಟಿ ಮೀನು ತುಂಬಿಸಿಟ್ಟ ದೊಡ್ಡ ಫ್ರೀಜರೇ ಅವರ ಮಳೆಗಾಲದ ಸಂಪಾದನೆ.

"ಅಮ್ಮ, ಚಂಡಮಾರುತದಲ್ಲಿ ಸಿಡಿಲು ಇಲ್ಲ" ಎಂದಳು ಧೃತಿ. ನಾಲ್ಕು ಸಾವಿರ ಪ್ರತಿಗಳನ್ನು ಕೈಯಾರೆ ಹಂಚಿದ ಮೇಲೆ ಅವಳಿಗೂ ಅದು ನಿಜವಿರಬೇಕು ಅನ್ನಿಸತೊಡಗಿತ್ತು.

"ಯಾರು ಹೇಳಿದ್ದು?"

"ಕರಪತ್ರದಲ್ಲಿ ಉಂಟು."

"ಅದನ್ನು ಬರೆದದ್ದು ನೀನಲ್ವಾ? ಹಾಗಾದರೆ ಎಳೆಯುವುದೇ ಒಳ್ಳೆಯದು" ಎಂದು ರತ್ನಾವತಿ ಫ್ರೀಜರಿನ ಪ್ಲಗ್ ಎಳೆದರು.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸಿಡಿಲು ಅಂಗಳದ ತೆಂಗಿನಮರಕ್ಕೆ ಬಡಿಯಿತು. ಮೀಟರ್ ಸುಟ್ಟು ಕರಕಲಾಯಿತು. ಫ್ರೀಜರ್ ಉಳಿಯಿತು. ಕರಪತ್ರ ನಂಬಿ ಮತ್ತೆ ಚಾರ್ಜಿಗೆ ಹಾಕಿದ್ದ ಧೃತಿಯ ಫೋನ್ ಉಳಿಯಲಿಲ್ಲ.

ಮರುದಿನ ಲೈನ್‌ಮ್ಯಾನ್ ರೋಶನ್ ಬಂದು ನೋಡಿದ. "ಸಿಡಿಲೇ ಅಕ್ಕ, ನನಗೆ ಕಾಣ್ತದೆ. ಆದರೆ ನನ್ನ ಕಣ್ಣಿಗೆ ಸೀಲ್ ಇಲ್ಲ ಅಲ್ವಾ? ಕೋಶದಿಂದ ಕಾರಣಪತ್ರ ತನ್ನಿ, ಹೊಸ ಮೀಟರ್ ಅದೇ ದಿನ ಹಾಕುವ."

ಮಲ್ಪೆಯಿಂದ ತಂದು ಸುರಿದ ಐಸು ಹೆಚ್ಚೆಂದರೆ ಎರಡು ದಿನ ತಡೆಯುತ್ತಿತ್ತು. ಮೀನು ಹಾಳಾದರೆ ಬೋಟು ಮತ್ತೆ ಇಳಿಯುವವರೆಗೆ ಮಾರಲು ಏನೂ ಇರಲಿಲ್ಲ. ರತ್ನಾವತಿ ಎಂಟು ಬಂಗುಡೆಯನ್ನು ಸಾಕ್ಷ್ಯವಾಗಿ ಬುಟ್ಟಿಯಲ್ಲಿ ಇಟ್ಟುಕೊಂಡು ಕೋಶಕ್ಕೆ ಬಂದರು. ಕೋಶವು ಸಾಕ್ಷ್ಯವನ್ನು ವಶಕ್ಕೆ ಪಡೆದು ವಿಚಾರಣೆ ಆರಂಭಿಸಿತು.

"ನಿಮಗೆ ಚಂಡಮಾರುತ ಬೇಕಾ, ಸಿಡಿಲು ಬೇಕಾ?" ಎಂದು ಲೀಲಾಧರ ಕೇಳಿದರು.

"ಎರಡೂ ಬೇಡ ಲೀಲಾಧರಣ್ಣ. ಮೀಟರ್ ಬೇಕು."

"ಅದು ಫಾರ್ಮಿನಲ್ಲಿ ಇಲ್ಲ. ಸಿಡಿಲು ಅಂತ ಬರೆದರೆ ಆ ದಿನ ಚಂಡಮಾರುತ ಬಂದಿಲ್ಲ ಅಂತ ನೀವು ಒಪ್ಪಬೇಕಾಗ್ತದೆ."

"ಬಂದಿದೆಯಲ್ಲ!"

"ಹಾಗಾದರೆ ಸಿಡಿಲು ಇಲ್ಲ."

ಗುಮಾಸ್ತೆ ಹರಿಣಾಕ್ಷಿ ಸಹಾಯಕ್ಕೆ ಬಂದರು. "ಗಾಳಿಯ ನಷ್ಟ ಅಂತ ಬರೆಯಬಹುದು ರತ್ನಾವತಿಯಕ್ಕ. ಆದರೆ ಹೆಂಚು ಹಾರಿರಬೇಕು."

"ಹೆಂಚು ಹಾರಿಲ್ಲ. ನಾನೇ ಹತ್ತಿ ನಾಲ್ಕು ಎಳೆದು ಹಾಕಲಾ?"

"ನಾಲ್ಕೆಲ್ಲ ಯಾಕೆ, ಒಂದು ಸಾಕು. ಆದರೆ ಹಾರುವಾಗಿನ ಫೋಟೋ ಬೇಕು."

ಆಗ, ಸೇವೆಗೆ ಸೇರಿದ ಮೇಲೆ ಮೊದಲ ಬಾರಿಗೆ, ಧೃತಿ ಯಾರೂ ಕೇಳದೆ ಮಾತಾಡಿದಳು. "ಸರ್, ಕರಪತ್ರದಲ್ಲಿ ತಪ್ಪಿದೆ. ಚಂಡಮಾರುತ ಅಂದರೆ ಒಂದೇ ಮುದ್ದೆ ಅಲ್ಲ. ಮಳೆ ಸಾಲು ಸಾಲಾಗಿ ಬರ್ತದೆ, ನಡುವೆ ಬಿಡುವು ಇರ್ತದೆ. ಹೊರಗಿನ ಸಾಲುಗಳಲ್ಲಿ ಸಿಡಿಲು..."

"ಬಿಡುವು ಇರ್ತದಾ?" ಲೀಲಾಧರ ಕನ್ನಡಕ ತೆಗೆದರು.

"ಇರ್ತದೆ ಸರ್. ಆದರೆ ಸಿಡಿಲು ಬರುವುದು ಬಿಡುವಿನಲ್ಲಿ ಅಲ್ಲ..."

"ಸಾಕು. ಬಿಡುವಿನಲ್ಲಿ ಇರುವವರು ಕರ್ತವ್ಯದಲ್ಲಿ ಇರುವುದಿಲ್ಲ. ಚಂಡಮಾರುತವೇ ಕರ್ತವ್ಯದಲ್ಲಿ ಇಲ್ಲದಾಗ ಅದರ ನಿಯಮ ಅನ್ವಯಿಸುವುದು ಹೇಗೆ?"

"ನಮ್ಮ ಊಟದ ಹೊತ್ತಿನ ಹಾಗೆ" ಎಂದರು ಹರಿಣಾಕ್ಷಿ.

ಧೃತಿಯ ಮುಂದಿನ ಆಕ್ಷೇಪ ಆಗಲೇ ಇಂಗ್ಲಿಷಿನಿಂದ ಹೊರಟಿತ್ತು. ಅದು ತಲುಪುವ ಮುಂಚೆ ಅವಳು ತಾಯಿಯ ಬುಟ್ಟಿಯನ್ನು ನೋಡಿದಳು. ಬುಟ್ಟಿಯಡಿ ಐಸಿನ ನೀರು ಹರಡಿ ಮೇಜಿನ ಕಾಲು ಮುಟ್ಟಿತ್ತು. ಅವಳು ಪೆನ್ನು ತೆಗೆದುಕೊಂಡಳು. ಜೀವನದಲ್ಲಿ ಅವಳು ನಿಘಂಟು ನೋಡದೆ ಬರೆದ ಮೊದಲ ಕನ್ನಡ ವಾಕ್ಯ ಇದು:

"ಸದರಿ ಚಂಡಮಾರುತವು ಮಧ್ಯಾಹ್ನ 3.10ರಿಂದ 3.30ರವರೆಗೆ ಬಿಡುವಿನಲ್ಲಿದ್ದು, ಆ ಅವಧಿಯಲ್ಲಿ ಸಿಡಿಲು ಪ್ರಭಾರ ವಹಿಸಿಕೊಂಡು ಅರ್ಜಿದಾರರ ಮೀಟರನ್ನು ಸುಟ್ಟಿರುವುದು ಕಂಡುಬಂದಿರುತ್ತದೆ."

ಸಂಜೆ ಐದಕ್ಕೆ ಮೀಟರ್ ಬಂತು. ಫ್ರೀಜರ್ ಗುಂಯ್ ಎಂದಿತು. "ಓದಿಸಿದ್ದು ದಂಡವಾಗಲಿಲ್ಲ" ಎಂದರು ರತ್ನಾವತಿ. ಮಗಳ ಬಗ್ಗೆ ಅವರಿಗೆ ಅಂದೇ ಗೌರವ ಹುಟ್ಟಿತು.

ತಿಂಗಳೊಳಗೆ ಇನ್ನೂರ ಹನ್ನೆರಡು ಅರ್ಜಿ ಬಂದವು. ಚಂಡಮಾರುತದ ಆ ಎರಡು ದಿನಗಳಲ್ಲಿ ಕಾಪುವಿನಲ್ಲಿ ಎಲ್ಲಿ ಬಿದ್ದ ಸಿಡಿಲೂ ಆ ಇಪ್ಪತ್ತು ನಿಮಿಷದಲ್ಲೇ ಬಿದ್ದದ್ದಾಗಿ ಎಲ್ಲರೂ ಸಹಿ ಹಾಕಿಕೊಟ್ಟರು. ಇಷ್ಟೊಂದು ಸಾಕ್ಷಿಗಳಿರುವ ಬಿಡುವನ್ನು ಕಾಯಂ ಮಾಡದೆ ಇರಲು ಕೋಶಕ್ಕೆ ಕಾರಣ ಸಿಗಲಿಲ್ಲ. ಧೃತಿಯ ಗುತ್ತಿಗೆ ಒಂದು ವರ್ಷ ಮುಂದುವರಿಯಿತು.

ಅಕ್ಟೋಬರಿನಲ್ಲಿ ಮತ್ತೊಂದು ಚಂಡಮಾರುತ ಎದ್ದಾಗ ಬೆಳಗ್ಗಿನಿಂದಲೇ ಮೈಕು ಕಟ್ಟಿದ ರಿಕ್ಷಾ ಹೆದ್ದಾರಿಯುದ್ದಕ್ಕೂ ಓಡಿತು. "ನಾಗರಿಕರ ಗಮನಕ್ಕೆ. ಇಂದಿನ ಬಿಡುವು ಮಧ್ಯಾಹ್ನ ಮೂರು ಹತ್ತರಿಂದ ಮೂರೂವರೆಯವರೆಗೆ. ಸಿಡಿಲಿನೊಂದಿಗೆ ಸಹಕರಿಸಿ." ಮೂರು ಹತ್ತಕ್ಕೆ ಊರೆಲ್ಲ ಪ್ಲಗ್ ಎಳೆಯಿತು. ಇಪ್ಪತ್ತು ನಿಮಿಷ ಮಳೆ ಸುಮ್ಮನೆ ಸುರಿಯಿತು. ಮೂರೂವರೆಗೆ ರತ್ನಾವತಿ ಗಡಿಯಾರ ನೋಡಿ ಫ್ರೀಜರಿನ ಪ್ಲಗ್ ಮತ್ತೆ ಹಾಕಿದರು.

"ಅಮ್ಮ, ಇನ್ನೂ ಸ್ವಲ್ಪ ಹೊತ್ತು..." ಎಂದಳು ಧೃತಿ.

"ಬರೆದವಳು ನೀನೇ, ನಿನಗೇ ನಂಬಿಕೆ ಇಲ್ಲದಿದ್ದರೆ ಹೇಗೆ ಮಗಳೇ?"

ನಾಲ್ಕು ಗಂಟೆಗೆ ಸಿಡಿಲು ಬಡಿಯಿತು. ಫ್ರೀಜರಿನ ಹಿಂಬದಿಯಿಂದ ಹೊಗೆ ಎದ್ದಿತು. ಧೃತಿ ತಲೆ ತಗ್ಗಿಸಿ ನಿಂತಳು. ರತ್ನಾವತಿ ಮುಚ್ಚಳ ತೆರೆದು ಮೀನು ನೋಡಿದರು, ಮುಚ್ಚಿದರು, ಮಗಳ ಬೆನ್ನು ಸವರಿದರು.

"ಅಳಬೇಡ ಮಾರಾಯ್ತಿ. ಅದು ಹೊತ್ತು ಮೀರಿ ಬಂದದ್ದು. ನಿಮ್ಮ ಆಫೀಸಿನವರು ಎಂತ ಮಾಡುವುದು?"