ಅಕ್ಕಿಮೂಟೆಯ ರಕ್ಷಣಾ ನೀತಿ

ಕೈಗಾಡಿಯ ಮೇಲೆ ಎರಡು ಮೂಟೆ ಅಕ್ಕಿ, ಒಂದು ಡಬ್ಬ ಎಣ್ಣೆ, ಒಂದು ಕಟ್ಟು ಮೇಣದಬತ್ತಿ ಹೇರಿಸಿಕೊಂಡು ಗುಮಾಸ್ತರು ಹಾಡಹಗಲೇ ಬೀದಿಯಲ್ಲಿ ಬಂದದ್ದೇ ತಪ್ಪಾಯಿತು. ಕತ್ತಲಲ್ಲಿ ತಂದಿದ್ದರೆ ಎಲ್ಲೋ ಕದ್ದು ತಂದರೆಂದು ಜನ ಆಡಿಕೊಳ್ಳುತ್ತಿದ್ದರು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಎರಡು ದೇಶಗಳ ನಿದ್ದೆ ಕೆಡುತ್ತಿರಲಿಲ್ಲ.

ತಂದ ಕಾರಣ ಬಹಳ ಸಣ್ಣದು. ಮಗಳು ಹೆತ್ತು ಕೆಲವು ತಿಂಗಳಾಗಿದ್ದರೂ ಮೊಮ್ಮಗನ ಮುಖವನ್ನು ಗುಮಾಸ್ತರು ಇನ್ನೂ ನೋಡಿರಲಿಲ್ಲ. ಆ ಸಂಜೆ ಮಗಳು, ಅಳಿಯ, ಬೀಗರು, ಬೀಗಿತ್ತಿ, ಬೀಗರ ತಮ್ಮಂದಿರು ಎಲ್ಲರೂ ಮಗುವನ್ನು ಕರೆದುಕೊಂಡು ಬಂದು ಒಂದು ವಾರ ಇರುವವರಿದ್ದರು. ಬೀಗರ ಮನೆಯವರು ಊಟಕ್ಕೆ ಕೂತರೆ ಒಲೆಯೇ ಏದುಸಿರು ಬಿಡುತ್ತದೆಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು. ನಾಳೆಯಿಂದ ಗುಮಾಸ್ತರಿಗೆ ರಜೆ. ಮೊಮ್ಮಗನನ್ನು ಎದೆಯ ಮೇಲೆ ಹಾಕಿಕೊಂಡು ಒಂದು ವಾರ ಸುಮ್ಮನೆ ಮಲಗಿರುವುದು, ದೇವರಲ್ಲಿ ಅವರು ಬೇಡಿದ್ದು ಇಷ್ಟೇ. ದೇವರು ಒಪ್ಪಿದಂತೆಯೂ ಕಾಣುತ್ತಿತ್ತು.

ತೊಡಕೆಂದರೆ ಅವರು ಇದ್ದದ್ದು ರಕ್ಷಣಾ ಇಲಾಖೆಯಲ್ಲಿ. ಅಲ್ಲಿ ಅವರ ಪಾಲಿಗೆ ಬಂದಿದ್ದ ದೇಶರಕ್ಷಣೆ ಎಂದರೆ ಸೈನಿಕರ ಕಾಲುಚೀಲ. ಉಣ್ಣೆಯದು ಯಾವ ಪಡೆಗೆ, ಹತ್ತಿಯದು ಯಾವ ಪಡೆಗೆ, ಜೋಡಿ ತಪ್ಪಿದ್ದು ಯಾರಿಗೆ ಎಂದು ನೋಡುವುದರಲ್ಲೇ ತಲೆ ನರೆತಿತ್ತು. ಆದರೆ ಇಲಾಖೆಯ ಮಾತನ್ನು ಹೊರಗೆ ಆಡುವುದಿಲ್ಲವೆಂದು ಕೆಲಸಕ್ಕೆ ಸೇರಿದ ದಿನ ದೇವರ ಮೇಲೆ ಆಣೆ ಮಾಡಿದ್ದರು. ಆ ಆಣೆಯನ್ನು ಅವರು ಕಾಲುಚೀಲಕ್ಕೂ ಅನ್ವಯಿಸಿದ್ದರು. ಯಾರು ಏನು ಕೇಳಿದರೂ "ಹೇಳೋ ಹಾಗಿಲ್ಲ" ಎಂಬುದೊಂದೇ ಉತ್ತರ. ಹೀಗಾಗಿ ಏನೂ ಗೊತ್ತಿಲ್ಲದ ಗುಮಾಸ್ತರಿಗೆ ಎಲ್ಲ ಗೊತ್ತಿದೆ ಎಂಬ ಹೆಸರು ಬಂದಿತ್ತು. ನಿಜ ತಿಳಿದವಳು ಹೆಂಡತಿ ಒಬ್ಬಳೇ.

ಮೂಟೆಗಳನ್ನು ಮೊದಲು ಕಂಡದ್ದು ಎದುರುಮನೆಯ ಜಗಲಿಯಲ್ಲಿ ಕೂತಿದ್ದ ರೇಡಿಯೋ ತಾತ. ಹಗಲೆಲ್ಲ ರೇಡಿಯೋವನ್ನು ಕಿವಿಗೆ ಒತ್ತಿಕೊಂಡಿರುತ್ತಿದ್ದುದರಿಂದ ಅವರಿಗೆ ಆ ಹೆಸರು. ಗಡಿಯ ನದಿಯ ನಡುವೆ ಒಂದು ಮರಳುದಿಬ್ಬವಿತ್ತು. ಅದರ ಮೇಲೆ ಪಕ್ಕದ ದೇಶದವರು ಒಂದು ಡೇರೆ ಹಾಕಿ ಕೂತಿದ್ದರು. ದಿಬ್ಬದಲ್ಲಿ ಹುಲ್ಲುಕಡ್ಡಿಯೂ ಬೆಳೆಯುತ್ತಿರಲಿಲ್ಲ, ನೆರೆ ಬಂದರೆ ದಿಬ್ಬವೇ ಇರುತ್ತಿರಲಿಲ್ಲ. ಆದರೂ ಎರಡೂ ಸರಕಾರಗಳು ಅದಕ್ಕಾಗಿ ವರ್ಷಗಳಿಂದ ಮಾತುಕತೆ ನಡೆಸಿ, ಒಳ್ಳೆಯ ಊಟ ಮಾಡಿ ಎದ್ದುಹೋಗುತ್ತಿದ್ದವು. ತಾತನಿಗೆ ಆ ದಿಬ್ಬದ ಚಿಂತೆ ತನ್ನ ಮಂಡಿನೋವಿಗಿಂತ ಹೆಚ್ಚು.

"ಏನಪ್ಪಾ, ಇಷ್ಟೊಂದು ಅಕ್ಕಿ?"

"ಮನೆಗೆ ಬೇಕಿತ್ತು ತಾತ."

"ಮೇಣದಬತ್ತಿ?"

"ಕರೆಂಟು ಹೋದರೆ ಇರಲಿ ಅಂತ."

ತಾತ ರೇಡಿಯೋದ ಕಿವಿ ಹಿಂಡಿ ಅದರ ಬಾಯಿ ಮುಚ್ಚಿಸಿದರು. "ದಿಬ್ಬದ ವಿಷಯಾನಾ?" ಎಂದು ಪಿಸುಗುಟ್ಟಿದರು.

ಗುಮಾಸ್ತರ ನಾಲಿಗೆ ಹಳೆಯ ಅಭ್ಯಾಸದಂತೆ ತಾನೇ ಉತ್ತರ ಕೊಟ್ಟಿತು. "ಹೇಳೋ ಹಾಗಿಲ್ಲ ತಾತ."

ಅವರು ಮೂಟೆ ಇಳಿಸಿ, ಕೈಕಾಲು ತೊಳೆದು, ದೇವರಿಗೆ ಕೈಮುಗಿದು ಕಚೇರಿಯ ಬಸ್ಸು ಹತ್ತುವುದರೊಳಗೆ ಮಾತು ಬೀದಿಯ ಆ ತುದಿ ಮುಟ್ಟಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹೊಲಿಗೆಯ ಅಕ್ಕ ಉಪ್ಪು ಕೊಂಡಳು. ಅವಳನ್ನು ನೋಡಿ ಕ್ಷೌರದವನು ಬೆಂಕಿಪೊಟ್ಟಣ ಕೊಂಡ. ಹಲ್ಲಿಲ್ಲದವರೂ ಕಡಲೆ ಕೊಂಡರು. ಹೊತ್ತು ಏರುವಷ್ಟರಲ್ಲಿ ಮೂಲೆಯ ದಿನಸಿ ಅಂಗಡಿ ಮದುವೆ ಮುಗಿದ ಛತ್ರದಂತೆ ಬರಿದಾಯಿತು.

ಇತ್ತ ಗುಮಾಸ್ತರು ರಜೆಗೆ ಮುಂಚೆ ಕಾಲುಚೀಲಗಳ ಬಾಕಿ ಕೆಲಸ ಮುಗಿಸುತ್ತಿದ್ದರು. ಪಕ್ಕದ ಮೇಜಿನವನು ಬಂದು, ನಿಮ್ಮ ಬೀದಿಯಲ್ಲಿ ಜನ ಸಾಮಾನಿಗೆ ಮುಗಿಬಿದ್ದಿದ್ದಾರಂತೆ, ಯಾರೋ ಇಲಾಖೆಯವರೇ ಮೂಟೆಗಟ್ಟಲೆ ಹೊತ್ತರಂತೆ ಎಂದ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಗುಮಾಸ್ತರು ಬೆವರಿದರು. ತಕ್ಷಣ ಅಂಗಡಿಯವನಿಗೆ ಫೋನು ಮಾಡಿ, ಹೆದರುವಂಥದ್ದು ಏನೂ ಇಲ್ಲವೆಂದು ಎಲ್ಲರಿಗೂ ತಿಳಿಸಲು ಬೇಡಿಕೊಂಡರು. ಅಂಗಡಿಯವನು ನಿಷ್ಠೆಯಿಂದ ತಿಳಿಸಿದ. ಬೆಂಚಿನ ಮೇಲೆ ಹತ್ತಿ ನಿಂತು, "ರಕ್ಷಣಾ ಇಲಾಖೆಯಿಂದಲೇ ಫೋನು ಬಂದಿದೆ. ಯಾರೂ ಹೆದರಬಾರದಂತೆ" ಎಂದ. ಅಲ್ಲಿಯವರೆಗೆ ಹೆದರದಿದ್ದವರೂ ಆಗ ಹೆದರಿದರು. ಪಕ್ಕದ ಬೀದಿಯೂ ಚೀಲ ಹಿಡಿದು ಬಂತು.

ಅದೇ ಅಂಗಡಿಗೆ ಪಕ್ಕದ ದೇಶದ ರಾಯಭಾರಿಯ ಅಡುಗೆಯವನು ದಿನವೂ ಬರುತ್ತಿದ್ದ. ಆ ದಿನ ಬರಿಯ ಚೀಲ ಹಿಡಿದು ಹಿಂದಿರುಗಿ, ಮಧ್ಯಾಹ್ನಕ್ಕೆ ಅನ್ನವಿಲ್ಲವೆಂದೂ ಕಾರಣ ಯುದ್ಧವೆಂದೂ ಯಜಮಾನರಿಗೆ ವರದಿ ಒಪ್ಪಿಸಿದ. ಹಸಿದ ರಾಯಭಾರಿಗೆ ಎಲ್ಲವೂ ನಿಜವೆನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಇಲಾಖೆಯ ಕಾರ್ಯದರ್ಶಿ ಮೇಡಂ ಗುಮಾಸ್ತರನ್ನು ಕರೆಸಿದರು. ಅಷ್ಟು ವರ್ಷಗಳಲ್ಲಿ ಅವರು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನೆಲಹಾಸು ಎಷ್ಟು ಮೆತ್ತಗಿತ್ತೆಂದರೆ ಕಾಲೇ ಕುಸಿಯಿತೋ ಎಂದುಕೊಂಡರು.

"ಕೂತ್ಕೊಳ್ಳಿ. ಆ ಕಡೆಯ ರಾಯಭಾರಿ ಮಧ್ಯಾಹ್ನ ಬಂದಿದ್ದರು. ರಾಜಧಾನೀಲಿ ಜನ ಅಕ್ಕಿ ಕೂಡಿಡ್ತಿದಾರೆ, ಏನು ಸಮಾಚಾರ ಅಂತ ಕೇಳಿದರು. ನನಗೇನು ಗೊತ್ತಿತ್ತು? ಗೊತ್ತಿಲ್ಲ ಅನ್ನೋಕಾಗತ್ತಾ? ಹೇಳೋ ಹಾಗಿಲ್ಲ ಅಂದೆ. ಆಮೇಲೆ ವಿಚಾರಿಸಿದರೆ ಎಲ್ಲರೂ ನಿಮ್ಮ ಹೆಸರೇ ಹೇಳ್ತಾರೆ."

ಗುಮಾಸ್ತರು ಕೈಮುಗಿದರು. "ಮೇಡಂ, ಅದು ನಮ್ಮ ಬೀಗರ ಅಕ್ಕಿ."

ಬೀಗರ ಹಸಿವಿನಿಂದ ಹಿಡಿದು ತಾತನ ಪ್ರಶ್ನೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದರು. ಕೇಳಿ ಮುಗಿಸಿದ ಮೇಡಂ ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿಕೊಂಡು ಬಂದರು.

"ಇದನ್ನ ಇನ್ನು ಯಾರ ಹತ್ತಿರಾನೂ ಬಾಯಿ ಬಿಡಬೇಡಿ. ಮನೇಲೂ ಬೇಡ. ಈಗಷ್ಟೇ ರಾಯಭಾರಿ ಫೋನು ಮಾಡಿದ್ದರು, ಅವರ ಸರಕಾರದವರು ಹೆದರಿ ದಿಬ್ಬದ ಮೇಲಿನ ಡೇರೆ ಕೀಳೋಕೆ ಒಪ್ಪಿದಾರೆ. ಇಷ್ಟು ವರ್ಷ ಮಾತಾಡಿ ಆಗದೇ ಇದ್ದದ್ದು ಇದು. ಗೂಟ ಪೂರ್ತಿ ಕಿತ್ತ ಮೇಲೆ ಇದು ನಮ್ಮ ದೃಢವಾದ ನೀತಿಯ ಫಲ ಅಂತ ಮಂತ್ರಿಗಳು ಹೇಳ್ತಾರೆ."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಒಳ್ಳೇದೇ ಆಯ್ತಲ್ಲ ಮೇಡಂ. ಹಾಗಾದರೆ ನಾಳೆಯಿಂದ ನನ್ನ ರಜೆ..."

"ರಜೆನಾ? ರಕ್ಷಣಾ ಇಲಾಖೆಯವರು ಮೊಮ್ಮಗನ್ನ ಆಡಿಸ್ತಾ ಜಗಲೀಲಿ ಕೂತಿದ್ದರೆ ಅವರು ಕಿತ್ತ ಗೂಟಾನ ಮತ್ತೆ ಹೊಡೀತಾರೆ. ಈ ವಾರ ನೀವು ಬೆಳಗಾಗೋದರೊಳಗೆ ಬರಬೇಕು, ಕತ್ತಲಾದ ಮೇಲೆ ಹೋಗಬೇಕು. ಮುಖ ಸ್ವಲ್ಪ ಗಂಟು ಹಾಕ್ಕೊಂಡಿರಿ. ಹೋಗುವಾಗ ದಿನಾ ಒಂದು ಮೂಟೆ ಹೊತ್ತುಕೊಂಡು ಹೋಗಿ."

"ಅಂಗಡೀಲಿ ಏನೂ ಉಳಿದಿಲ್ಲವಲ್ಲ ಮೇಡಂ?"

"ನಿಮ್ಮ ಕಾಲುಚೀಲ ಇಲ್ವೇನ್ರೀ? ತುಂಬ್ಕೊಳ್ಳಿ. ಮೂಟೆ ಅಂದಮೇಲೆ ಮೂಟೆ."

ಸಂಜೆ ಗುಮಾಸ್ತರು ಬೆನ್ನ ಮೇಲೆ ಮೂಟೆ ಹೊತ್ತು, ಮುಖಕ್ಕೆ ಗಂಟು ಹಾಕಿಕೊಂಡು ಬೀದಿಗೆ ಕಾಲಿಟ್ಟಾಗ ಜನ ದಾರಿ ಬಿಟ್ಟು ನಿಂತರು. ತಾತ ಏನನ್ನೂ ಕೇಳದೆ ಎದ್ದು ನಿಂತು ಸಲಾಮು ಹೊಡೆದರು.

ಮನೆಯಲ್ಲಿ ಬೀಗರು ಕೈತೊಳೆದು ನಡುಮನೆಯಲ್ಲಿ ಕಾಲು ಚಾಚಿದ್ದರು. ಹೆಂಡತಿ ನೀರು ಕೊಡುತ್ತ, ನಾಳೆಯಿಂದ ರಜೆ ತಾನೇ ಎಂದಳು. ಇಲ್ಲ ಎಂದರು. ಯಾಕೆ ಎಂದಳು.

"ಹೇಳೋ ಹಾಗಿಲ್ಲ."

"ನನ್ನ ಹತ್ತಿರಾನೂನಾ? ನೀವು ನೋಡೋ ಆ..." ಎಂದು ಹೊರಟ ಮಾತನ್ನು ಬೀಗರ ಮುಂದೆ ಗಂಡನ ಮಾನ ಹೋದೀತೆಂದು ಆ ಪುಣ್ಯಾತ್ಗಿತ್ತಿ ಅಲ್ಲೇ ನುಂಗಿಕೊಂಡಳು.

ಅಷ್ಟು ಸಾಕಾಯಿತು. ಬೀಗರು ಚಾಚಿದ ಕಾಲನ್ನು ಮಡಿಸಿಕೊಂಡರು. "ಅರ್ಥ ಆಯ್ತು ಬೀಗರೇ, ನೀವೇನೂ ಹೇಳೋದು ಬೇಡ. ಹೆಂಡತಿಗೇ ಹೇಳದ ವಿಷಯ ಅಂದರೆ ಎಂಥದ್ದಿರಬೇಕು. ಕೈಗೂಸು ಬೇರೆ ಇದೆ. ನಾಳೆ ಮೊದಲನೇ ಬಸ್ಸಿಗೆ ನಾವು ಊರಿಗೆ ಹೊರಡ್ತೀವಿ."

ಯುದ್ಧವಿಲ್ಲ, ಏನೂ ಇಲ್ಲ, ಇರಿ ಎನ್ನಬೇಕೆಂದು ಗುಮಾಸ್ತರ ಎದೆ ಒದ್ದಾಡಿತು. ಬಾಯಿ ತೆರೆದರು. ಮಾಡಿದ ಆಣೆ ನೆನಪಾಯಿತು. ಮುಚ್ಚಿದರು. ಅದನ್ನು ಕಂಡು ಬೀಗಿತ್ತಿ ಆಗಲೇ ಬಟ್ಟೆ ಮಡಿಸತೊಡಗಿದರು.

ಮಗಳು ಬಂದು ಮಗುವನ್ನು ಅವರ ಎದೆಗೆ ಒರಗಿಸಿದಳು. "ಇವತ್ತೊಂದು ಹೊತ್ತಾದರೂ ಎತ್ಕೊಳ್ಳಿ ಅಪ್ಪಾ" ಎಂದಳು.

ಹಾಲಿನ ವಾಸನೆಯ ಆ ಬೆಚ್ಚನೆಯ ಜೀವ ಅಜ್ಜನನ್ನು ಒಮ್ಮೆ ದಿಟ್ಟಿಸಿ ನೋಡಿತು. ಒಂದು ವಾರ ಬೇಡಿದವನಿಗೆ ದೇವರು ಒಂದು ಸಂಜೆ ಕೊಟ್ಟ, ಕೊಟ್ಟಷ್ಟೂ ಲಾಭವೇ ಎಂದುಕೊಂಡು ಗುಮಾಸ್ತರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮೊಮ್ಮಗ ಅವರ ಮೀಸೆಯ ಒಂದು ತುದಿಯನ್ನು ವಶಪಡಿಸಿಕೊಂಡು, ಅಜ್ಜಿ, ಅಮ್ಮ ಇಬ್ಬರೂ ನಡೆಸಿದ ಯಾವ ಸಂಧಾನಕ್ಕೂ ಒಪ್ಪದೆ, ಹಿಡಿದ ಹಿಡಿಯಲ್ಲೇ ನಿದ್ದೆಹೋದ.