ಹಿಂದೊಂದು ಕಣ್ಣು, ಮುಂದೊಂದು ಕಣ್ಣು, ತಲೆ ಮೇಲೆ ಸೆರಗು

ರಸ್ತೆಯಲ್ಲಿ ಏನೇ ಆದರೂ ತಪ್ಪು ಎದುರಿನವರದ್ದೇ ಎಂದು ನಂಬುವವರ ಸಂಘವೊಂದಿದ್ದರೆ ಅದಕ್ಕೆ ನಾನು ಆಜೀವ ಸದಸ್ಯೆ. ಮನೆಯೊಳಗೆ ನಾನು ಹಾಗಲ್ಲ. ಹಾಲು ಉಕ್ಕಿದರೆ ನನ್ನದೇ ತಪ್ಪು, ರೊಟ್ಟಿ ಹತ್ತಿದರೆ ನನ್ನದೇ ತಪ್ಪು, ನಮ್ಮ ಮನೆಯವರ ಕಾಲುಚೀಲ ಒಂದೇ ಸಿಕ್ಕರೂ ನನ್ನದೇ ತಪ್ಪು ಎಂದು ಒಪ್ಪಿಕೊಂಡು ಮುಂದಿನ ಕೆಲಸ ನೋಡುತ್ತೇನೆ. ಆದರೆ ಸೈಕಲ್ ಏರಿದೆನೆಂದರೆ ನನ್ನಷ್ಟು ನಿರಪರಾಧಿ ಇಡೀ ಬಸವಕಲ್ಯಾಣದಲ್ಲಿ ಇನ್ನೊಬ್ಬರಿಲ್ಲ.

ಸೈಕಲ್ ಬಂದದ್ದು ಮೊಣಕಾಲಿನ ನೆಪದಲ್ಲಿ. ಕಾಲಿಗೆ ಸ್ವಲ್ಪ ಕೆಲಸ ಕೊಡಿ ಎಂದರು ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆ, ಅಂಗಳ, ಮಾಳಿಗೆ ಎಂದು ಓಡಾಡುವುದನ್ನು ಅವರು ಕೆಲಸದಲ್ಲಿ ಸೇರಿಸಲಿಲ್ಲ. ಹುಮನಾಬಾದಿನ ಕಾನ್ವೆಂಟಿಗೆ ಹೋಗುವಾಗ ನಾನು ಸೈಕಲ್ ತುಳಿಯುತ್ತಿದ್ದೆ ಎಂದು ನೆನಪಿಸಿದಾಗ ನಮ್ಮ ಮನೆಯವರು ನಕ್ಕರು. ಅತ್ತೆ ನಗಲಿಲ್ಲ. ಒಂದು ಷರತ್ತು ಹಾಕಿದರು: "ನೋಡವಾ ಸುನೀತಾ, ನಿನ್ನಷ್ಟಕ್ಕ ನೀ ಬಿದ್ದಿ ಅಂದ್ರ, ಅವತ್ತೇ ಸೈಕಲ್ ಅಟ್ಟಕ್ಕ."

ನಾನು ಒಪ್ಪಿದೆ. ದಿನಕ್ಕೆ ಅರ್ಧ ಗಂಟೆ, ಹಿಟ್ಟಿನ ಗಿರಣಿಯ ತನಕ ಹೋಗಿ ತರಕಾರಿ ತಗೊಂಡು ಬರುವವರೆಗೆ, ನನ್ನ ಚಶ್ಮಾ ಎಲ್ಲಿ, ಅಂಗಡಿ ಕೀಲಿ ಎಲ್ಲಿ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಆ ಅರ್ಧ ಗಂಟೆಗಾಗಿ ನಾನು ಯಾವ ಷರತ್ತಿಗೂ ಒಪ್ಪುತ್ತಿದ್ದೆ.

ಕ್ಯಾಮೆರಾ ಹಚ್ಚಿದವನು ನನ್ನ ತಮ್ಮ ವಿನಯ. ಹುಮನಾಬಾದಿನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಕಬ್ಬಿನ ಟ್ರ್ಯಾಕ್ಟರುಗಳ ಸೀಜನ್ನಿನಲ್ಲಿ ಅಕ್ಕ ರಸ್ತೆಗಿಳಿಯುತ್ತಾಳೆಂದು ಹೆದರಿ ಒಂದು ಹೆಲ್ಮೆಟ್ ತಂದ. ಹ್ಯಾಂಡಲ್ ಮೇಲೊಂದು, ಸೀಟಿನ ಕೆಳಗೊಂದು, ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾಗಳನ್ನೂ ಬಿಗಿದ. ಯಾರೇ ಗುದ್ದಿದರೂ ಪುರಾವೆ ಇರುತ್ತದೆ ಅಕ್ಕಾ ಎಂದ. ಕಾನ್ವೆಂಟಿನಲ್ಲಿ ಸಿಸ್ಟರು, ಮೇಲಿರುವವನು ನಿಮ್ಮನ್ನು ಸದಾ ನೋಡುತ್ತಾನೆ ಎಂದು ಹೆದರಿಸುತ್ತಿದ್ದರು. ಸೀಟಿನ ಕೆಳಗಿನಿಂದಲೂ ನೋಡುವ ವ್ಯವಸ್ಥೆ ಅವರಿಗೂ ಹೊಳೆದಿರಲಿಲ್ಲ. ನಾನು ಓಣಿಯ ಮನೆಮನೆಗೂ ಹೋಗಿ ನನ್ನ ಸೈಕಲ್ಲಿಗೆ ಎರಡು ಕಣ್ಣಿವೆ, ಹುಷಾರಾಗಿರಿ ಎಂದು ಸಾರಿ ಬಂದೆ.

ಹದಿನೈದು ದಿನಕ್ಕೆ ಬಿದ್ದೆ. ಬಿದ್ದದ್ದು ಪೇರಲ ಹಣ್ಣಿನ ಬಂಡಿಯೊಳಗೆ. ಕಣ್ಣು ಬಿಟ್ಟಾಗ ಸುತ್ತಲೂ ಪೇರಲ, ಅದರಾಚೆ ಜನ, ಜನರ ನಡುವೆ ಮೆಹಬೂಬ್ ಭಾಯಿಯ ಆಟೊ. ನಮ್ಮ ಓಣಿಯ ಮಕ್ಕಳನ್ನೆಲ್ಲ ಶಾಲೆಗೆ ಒಯ್ಯುವವರು ಅವರೇ. ಏನಾಯ್ತ್ರಿ ಎಂದು ಯಾರೋ ಕೇಳಿದರು. ಹಿಂದಿನಿಂದ ಆಟೊ ಬಂತು ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಟೊ ಹಿಂದಿನಿಂದಲೇ ಬಂದಿತ್ತು. ಉಳಿದದ್ದನ್ನು ಓಣಿಯವರು ತಾವೇ ಪೂರ್ತಿ ಮಾಡಿಕೊಂಡರು. ನಾನು ಅರಿಶಿನ ಹಚ್ಚಿಕೊಂಡು ಕೂತ ಮಧ್ಯಾಹ್ನದೊಳಗೆ, ಹೆಣ್ಣುಮಗಳಿಗೆ ಗುದ್ದಿದವನ ಆಟೊದಲ್ಲಿ ಮಕ್ಕಳನ್ನು ಕಳಿಸುವುದಿಲ್ಲ ಎಂದು ಐದು ಮನೆಯವರು ತೀರ್ಮಾನಿಸಿದ್ದರು.

ಮೆಹಬೂಬ್ ಭಾಯಿ ಮರುದಿನ ಬೆಳಿಗ್ಗೆ ಮನೆಗೆ ಬಂದರು. ಟೋಪಿ ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತರು.

"ಭಾಬಿ, ನಾ ಗುದ್ದಿಲ್ಲ. ಹಾರ್ನ್ ಭೀ ಹೊಡದೀನಿ. ನಿಮ್ಮ ಸೈಕಲ್‌ನ್ಯಾಗ ಕ್ಯಾಮೆರಾ ಅದಲ್ಲ, ಒಂದ್ಸಲ ಎಲ್ಲರ ಮುಂದ ಹಚ್ಚರಿ. ನಂದು ತಪ್ಪಿತ್ತಂದ್ರ ನಾಳಿಂದ ಈ ಓಣಿಗೆ ಬರಂಗಿಲ್ಲ."

ನನಗೆ ಚಹಾ ಕೊಡುವುದೂ ಮರೆತುಹೋಯಿತು. ನಿಜ ಹೇಳಬೇಕೆಂದರೆ, ಹೇಗೆ ಬಿದ್ದೆ ಎನ್ನುವುದು ನನಗೆ ಅರೆಬರೆ ಗೊತ್ತಿತ್ತು. ಆ ಅರೆಯನ್ನು ಪೂರ್ತಿ ಮಾಡಿದರೆ ಸೈಕಲ್ ಅಟ್ಟ ಸೇರುತ್ತದೆ ಎಂಬುದು ಪೂರ್ತಿ ಗೊತ್ತಿತ್ತು.

ವಿನಯ ಬಸ್ಸಿನಲ್ಲಿ ಬಂದು ಕ್ಯಾಮೆರಾಗಳನ್ನು ಟಿವಿಗೆ ಜೋಡಿಸಿದ. ಅತ್ತೆ ಮಂಚದ ಮೇಲೆ, ನಮ್ಮ ಮನೆಯವರು ಕುರ್ಚಿಯಲ್ಲಿ, ಓಣಿಯ ಇಬ್ಬರು ತಾಯಂದಿರು ಚಾಪೆಯ ಮೇಲೆ, ಮೆಹಬೂಬ್ ಭಾಯಿ ಹೊಸ್ತಿಲ ಹತ್ತಿರ. ಮೊದಲು ಹಿಂದಿನ ಕ್ಯಾಮೆರಾ. ಪರದೆ ತುಂಬ ಹಸಿರು. ಗಾಳಿಗೆ ಹಾರಿದ ನನ್ನ ಸೆರಗು. ಹಸಿರಿನ ನಡುವೆ ಒಮ್ಮೆ ಆಟೊದ ಒಂದು ಕಣ್ಣು ಕಂಡಿತು, ಹಾರ್ನ್ ಕೇಳಿತು, ಮತ್ತೆ ಹಸಿರು, ಆಮೇಲೆ ಆಕಾಶ. ಇದರಿಂದ ಏನೂ ಹೇಳಲು ಆಗುವುದಿಲ್ಲ ಎಂದು ವಿನಯ ತಲೆ ಕೆರೆದುಕೊಂಡ. ಗುದ್ದಿದ್ದು ಹಿಂದಿನಿಂದ ಅಂದಮೇಲೆ ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ ಎಂದ. ಅಕ್ಕನನ್ನು ಉಳಿಸಲು ನೋಡುತ್ತಿದ್ದ, ಪಾಪ. ನಾನು ಟಿವಿ ನೋಡಿದೆ, ಅತ್ತೆಯನ್ನು ನೋಡಿದೆ, ಕಿಟಕಿಯಾಚೆ ನಿಂತ ಸೈಕಲ್ ನೋಡಿದೆ. ಕೊನೆಗೆ ಹೊಸ್ತಿಲ ಹತ್ತಿರ ಚಪ್ಪಲಿಗೆ ಕಾಲು ಹಾಕುತ್ತಿದ್ದ ಮೆಹಬೂಬ್ ಭಾಯಿಯನ್ನು ನೋಡಿದೆ.

"ಮುಂದಿನದೂ ಹಚ್ಚೋ ವಿನಯ," ಎಂದೆ.

ಹಚ್ಚಿದ. ರಸ್ತೆ ನೆಟ್ಟಗಿದೆ, ಅದರ ಮೇಲೆ ಬಿದ್ದ ನನ್ನ ನೆರಳೂ ನೆಟ್ಟಗಿದೆ. ದೂರದಲ್ಲಿ ಕಟ್ಟೆಯ ಮೇಲೆ ಬಸವಂತಪ್ಪ ಕಾಕಾ ಕೂತಿದ್ದಾರೆ. ಕಾಕಾ ಕಂಡದ್ದೇ ತಡ, ಹ್ಯಾಂಡಲ್ ಮೇಲಿನ ನನ್ನ ಬಲಗೈ ಮಾಯವಾಗುತ್ತದೆ. ಹಿರಿಯರು ಕಂಡರೆ ತಲೆ ಮೇಲೆ ಸೆರಗು ಬರಬೇಕು. ಈ ಮನೆಗೆ ಬಂದ ದಿನದಿಂದ ನನ್ನ ಕೈ ಕಲಿತ ಪಾಠ ಅದು, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಕೈಗೆ ಗೊತ್ತಿರದಿದ್ದದ್ದು ಹೆಲ್ಮೆಟ್ಟಿನ ವಿಷಯ. ನೆರಳಿನಲ್ಲಿ ಸೆರಗು ಏರುತ್ತದೆ, ನುಣುಪಾದ ಹೆಲ್ಮೆಟ್ ಮೇಲಿಂದ ಜಾರುತ್ತದೆ. ಮತ್ತೆ ಏರಿಸುತ್ತೇನೆ, ಮತ್ತೆ ಜಾರುತ್ತದೆ. ಎಡಗೈಯೂ ನೆರವಿಗೆ ಹೋಗುತ್ತದೆ. ರಸ್ತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಾಡುತ್ತದೆ, ಆಮೇಲೆ ಪರದೆ ತುಂಬ ಪೇರಲ ಹಣ್ಣು.

ವಿನಯ ಗಾಬರಿಯಲ್ಲಿ ವಿಡಿಯೊವನ್ನು ಹಿಂದಕ್ಕೆ ಓಡಿಸಿದ. ಗಿರಣಿಯ ಹತ್ತಿರ ಒಬ್ಬ ಅಜ್ಜಿ, ರಸ್ತೆ ಓಲಾಡುತ್ತದೆ. ಮಠದ ತಿರುವಿನಲ್ಲಿ ಇಬ್ಬರು ಮುದುಕರು, ಎರಡು ಸಲ ಓಲಾಡುತ್ತದೆ. ಆ ಬೆಳಿಗ್ಗೆ ದಾರಿಯುದ್ದಕ್ಕೂ ನಾನು ಹಿರಿಯರಿಂದ ಹಿರಿಯರಿಗೆ ಹಾವಿನಂತೆ ಹರಿದಿದ್ದೆ. ಮೆಹಬೂಬ್ ಭಾಯಿ ಅಷ್ಟು ದೂರ ಹಿಂದಿದ್ದದ್ದು ಅವರ ಪುಣ್ಯ, ನನ್ನ ಪುಣ್ಯ.

ತಪ್ಪು ನಂದೇ ಅದ ಭಾಯಿ, ನಿನ್ನೆನೇ ಹೇಳಬೇಕಿತ್ತು ಎಂದೆ. ತಾಯಂದಿರು ಚಾಪೆಯ ಅಂಚು ಕೀಳುತ್ತ, ನಾಳೆ ಹುಡುಗರು ಎಂದಿನಂತೆ ಬರುತ್ತಾರೆ ಎಂದರು. ಮೆಹಬೂಬ್ ಭಾಯಿಯ ಉಸಿರು ಹೊಸ್ತಿಲಿನಿಂದ ನನಗೆ ಕೇಳಿತು.

"ಇರ್ಲಿ ಬಿಡ್ರಿ ಭಾಬಿ," ಎಂದರು. "ಆದ್ರ ನಾಳಿಂದ ನಾ ನಿಮ್ಮ ಹಿಂದ ಬರಂಗಿಲ್ಲ, ಮುಂದ ಭೀ ಬರಂಗಿಲ್ಲ. ನೀವು ಮನಿ ಮುಟ್ಟಿದ ಮ್ಯಾಲ ಗಾಡಿ ಚಾಲೂ ಮಾಡ್ತೀನಿ."

ನಮ್ಮ ಮನೆಯವರು ಅಟ್ಟದ ಏಣಿಯ ಕಡೆ ನೋಡಿದರು. ನಾನು ನೆಲ ನೋಡಿದೆ. ಅತ್ತೆ ಮಾತ್ರ ಟಿವಿ ನೋಡುತ್ತಲೇ ಇದ್ದರು. ಬಸವಂತಪ್ಪ ಎಷ್ಟು ದೂರ ಕೂತಿದ್ದ ಎಂದು ವಿನಯನನ್ನು ಕೇಳಿದರು. ಎರಡು ಲೈಟ್ ಕಂಬದಷ್ಟು ದೂರ ಇರಬಹುದು ಎಂದ. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಚಾಪೆಯ ಕಡೆ ತಿರುಗಿದರು.

"ನೋಡಿದ್ರೇನವಾ? ಅಷ್ಟು ದೂರ ಕುಂತವರ್ನ ನೋಡಿ ಸೆರಗ ಹೊತ್ಕೊಂಡಾಳ. ಬಿದ್ದಾಳ, ಸೆರಗ ಬಿಟ್ಟಿಲ್ಲ. ನಿಮ್ಮನ್ಯಾಗ ಯಾರರೇ ಅದಾರೇನು ಹಿಂಗ?"

ಮುಂದಿನ ವಾರವೆಲ್ಲ ಬಂದ ಬೀಗರಿಗೆಲ್ಲ ಆ ವಿಡಿಯೊ ತೋರಿಸಲಾಯಿತು. ಪೇರಲ ಬರುವಲ್ಲಿ ಅತ್ತೆ ನಿಲ್ಲಿಸಿ ಹೆಮ್ಮೆಯಿಂದ ವಿವರಿಸುತ್ತಿದ್ದರು. ಸೆರಗನ್ನು ಮೊದಲೇ ಪಿನ್ನು ಹಾಕಿ ಕೂರಿಸಿಬಿಡಲೇ ಎಂದು ಕೇಳಿದ್ದಕ್ಕೆ, ಮೊದಲೇ ಇದ್ದರೆ ಅದು ಬಿಸಿಲಿಗೆ ಹಾಕಿಕೊಂಡ ಹಾಗೆ, ಮಂದಿಯನ್ನು ನೋಡಿ ಏರಿಸಿದರೇ ಮರ್ಯಾದೆ ಎಂದರು. ಸೈಕಲ್ಲೂ ಇರಲಿ, ಸೆರಗೂ ಇರಲಿ ಎಂದು ಯೋಚಿಸಿ ಅವರೇ ಒಂದು ದಾರಿ ಕಂಡುಹಿಡಿದರು. ಗಿರಣಿಯ ದಾರಿಯ ಹಿರಿಯರಿಗೆಲ್ಲ ಹೇಳಿಕಳಿಸಿದರು: ನಮ್ಮ ಸೊಸೆಯ ಸೈಕಲ್ ಗಂಟೆ ಕೇಳಿದರೆ ದಯಮಾಡಿ ಅತ್ತ ಮುಖ ತಿರುಗಿಸಿ. ನೋಡದವರ ಮುಂದೆ ಸೆರಗು ಬೇಕಿಲ್ಲ.

ಹಿರಿಯರು ಇಷ್ಟು ಸಹಕರಿಸಿಯಾರೆಂದು ನಾನು ಅಂದುಕೊಂಡಿರಲಿಲ್ಲ. ಈಗ ನಾನು ಗಂಟೆ ಬಾರಿಸಿದರೆ ಕಟ್ಟೆಯ ಮೇಲಿನವರೆಲ್ಲ ಶಾಲೆಯ ಕವಾಯತಿನಂತೆ ಒಟ್ಟಿಗೆ ತಿರುಗುತ್ತಾರೆ. ಕಾನ್ವೆಂಟಿನಲ್ಲಿ ಕಲಿತವಳಾದ್ದರಿಂದ ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿಯೇ ಹೋಗುತ್ತೇನೆ. ಕಳೆದ ವಾರ ಗಿರಣಿಯ ಹಿಂದಿನ ಸಂದಿಯಲ್ಲಿ ಬಸವಂತಪ್ಪ ಕಾಕಾ ಒಬ್ಬರೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ಗಂಟೆ ಬಾರಿಸುವ ಮೊದಲೇ ಇಷ್ಟು ಮರ್ಯಾದೆ ಕೊಟ್ಟರಲ್ಲ ಎಂದುಕೊಂಡೆ. ಸೈಕಲ್ ನಿಲ್ಲಿಸಿ, ಥ್ಯಾಂಕ್ಸ್ ರೀ ಕಾಕಾ, ಇನ್ನ ತಿರುಗಿದ್ರೂ ನಡೀತದ, ನಾ ಹೊಂಟೆ ಎಂದು ದೊಡ್ಡದಾಗಿ ಹೇಳಿದೆ. ಕಾಕಾ ತಿರುಗಲಿಲ್ಲ. ಕಿವಿ ಕೇಳಿಸಲಿಲ್ಲವೇನೋ ಎಂದು ಇನ್ನೂ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. ಕಾಕಾ ಗೋಡೆಗೆ ಇನ್ನಷ್ಟು ಅಂಟಿಕೊಂಡರು.

ಮನೆಗೆ ಬಂದು ವಿಡಿಯೊ ನೋಡಿದಾಗಲೇ ಅವರು ಅಲ್ಲಿ ಧೋತರ ಎತ್ತಿ ನಿಂತದ್ದು ನನಗಾಗಿ ಅಲ್ಲ ಎಂದು ತಿಳಿದದ್ದು. ಅಂದಿನಿಂದ ಕಾಕಾ ಎದುರಾದರೆ ನಾಚಿಕೆಯಿಂದ ನಾನೇ ಗೋಡೆಯ ಕಡೆ ಮುಖ ತಿರುಗಿಸುತ್ತೇನೆ. ಮುಖ ತಿರುಗಿದ ಕಡೆಗೇ ಸೈಕಲ್ಲೂ ಹೋಗುತ್ತದೆ ಎಂಬುದು ಮುಂದಿನ ಕ್ಯಾಮೆರಾದಲ್ಲಿ ಬಹಳ ಸ್ಪಷ್ಟವಾಗಿ ಬಂದಿದೆ.