ಬರಿಗಾಲಿನ ಎಕ್ಸ್‌ಚೇಂಜು

ಟೆಲಿಫೋನು ಅಂದರೆ ದೂರದಲ್ಲಿರುವವರ ಮಾತು ಕೇಳಿಸುವ ಸಾಧನ ಅಂತ ಜನ ತಿಳಿದಿದ್ದಾರೆ. ಅದರ ರಿಪೇರಿಯಲ್ಲೇ ಜೀವಮಾನ ಕಳೆದ ನನ್ನನ್ನು ಕೇಳಿದರೆ, ಪಕ್ಕದಲ್ಲಿರುವವರ ಮಾತು ಮಾತ್ರ ಯಾರಿಗೂ ಕೇಳಿಸದಂತೆ ಮಾಡುವ ಸಾಧನ ಅನ್ನುತ್ತೇನೆ. ಹಾಗಾಗಿಯೇ ನಮ್ಮ ಕೆಲಸದಲ್ಲಿ ನಗುವ ಪ್ರಸಂಗಗಳಿಗೆ ಬರ ಬಂದದ್ದಿಲ್ಲ. ವಾರಕ್ಕೊಂದಾದರೂ ತಾನಾಗಿ ಮನೆ ಬಾಗಿಲಿಗೆ ಬರುತ್ತಿತ್ತು.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಶುರುವಿನ ಮಾತು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಬಾಳೂರಿನಿಂದಾಚೆ ಒಂದು ಊರು. ಹೆಸರು ಬೇಡ, ಅಲ್ಲಿಯವರು ಇನ್ನೂ ನನ್ನನ್ನು ಊಟಕ್ಕೆ ಕರೆಯುತ್ತಾರೆ.

ಚಪ್ಪಲಿ ಹೊರಗೆ

ನಮ್ಮ ಎಕ್ಸ್‌ಚೇಂಜು ಇದ್ದದ್ದು ಒಂದು ಹಳೆಯ ಕಾಫಿ ಗೋದಾಮಿನಲ್ಲಿ. ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳಿಗೆ ನೆಲದ ತೇವ ಹತ್ತಬಾರದು ಅಂತ ಅದನ್ನು ಕಟ್ಟಿದವರು ಮರದ ಹಲಗೆ ಹಾಸಿದ್ದರು. ಆ ಹಲಗೆಗಳ ಮೇಲೇ ಇಲಾಖೆಯವರು ಕಬ್ಬಿಣದ ಚೌಕಟ್ಟುಗಳನ್ನು ಬೋಲ್ಟು ಹಾಕಿ ನಿಲ್ಲಿಸಿದ್ದರು. ಚೌಕಟ್ಟಿನ ತುಂಬ ಸಾಲು ಸಾಲು ಸ್ವಿಚ್ಚುಗಳು.

ಯಾರೋ ತಮ್ಮ ಮನೆಯಲ್ಲಿ ಕೂತು ಡಯಲಿಗೆ ಬೆರಳು ಹಾಕಿ ನಾಲ್ಕು ತಿರುಗಿಸಿದರೆ, ಇಲ್ಲಿ ಒಂದು ಸ್ವಿಚ್ಚಿನ ಹಿತ್ತಾಳೆಯ ಕೈ ಟಕ ಟಕ ಟಕ ಟಕ ಅಂತ ನಾಲ್ಕು ಮೆಟ್ಟಿಲು ಹತ್ತುತ್ತಿತ್ತು. ಮುಂದಿನ ಅಂಕಿ ಎಷ್ಟೋ ಅಷ್ಟು ಹೆಜ್ಜೆ ಪಕ್ಕಕ್ಕೆ ಸರಿದು, ಬೇಕಾದ ಮನೆಯ ತಂತಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ಮೂಲೆಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ಮೋಟಾರು ಸದಾ ತಿರುಗುತ್ತಿತ್ತು. ಊರಿನ ಫೋನುಗಳೆಲ್ಲ ಟ್ರಿಣ್ ಟ್ರಿಣ್ ಅನ್ನುವುದು, ಎತ್ತಿದರೆ ಗುಂಯ್ ಅನ್ನುವುದು, ಎಂಗೇಜಾದರೆ ಕೊಂಯ್ ಕೊಂಯ್ ಅಂತ ಅಳುವುದು, ಎಲ್ಲ ಆ ಒಂದು ಮೋಟಾರಿನ ಪುಣ್ಯ. ಇದನ್ನೆಲ್ಲ ನಾನು ಡಿಪ್ಲೊಮಾದಲ್ಲಿ ಓದಿ ಪಾಸಾಗಿದ್ದೆ. ಆದರೂ ಕಣ್ಣಾರೆ ನೋಡಿದ ದಿನ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

"ಬಾಯಿ ಆಮೇಲೆ ಮುಚ್ಚು ಮಾರಾಯ, ಮೊದ್ಲು ಚಪ್ಪಲಿ ಬಿಚ್ಚು. ಕಾಲುಚೀಲಾನೂ ಬಿಚ್ಚು," ಅಂದರು ಅಲ್ಲಿಯ ಹಿರಿಯ ಮೆಕ್ಯಾನಿಕ್ಕು.

ಚಪ್ಪಲಿ ಬಿಚ್ಚಿದೆ. ಕಾಲುಚೀಲ ಮಾತ್ರ ಬಿಚ್ಚಲಿಲ್ಲ. ನಾನು ಕಡೂರಿನ ಕಡೆಯ ಬಯಲುಸೀಮೆಯವನು, ಆ ಊರಿನ ಚಳಿಗೆ ಹೆದರಿ ಅಮ್ಮ ದಪ್ಪ ಉಣ್ಣೆಯ ಮೂರು ಜೊತೆ ಕಟ್ಟಿ ಕಳಿಸಿದ್ದಳು. ಶೀತ ಆಗುತ್ತೆ ಸಾರ್ ಅಂದೆ. "ನಿನ್ನಿಷ್ಟ. ನಷ್ಟ ನಿಂದೇ," ಅಂದರು. ಯಂತ್ರವನ್ನು ದೇವರ ಹಾಗೆ ನೋಡುವವರು, ಮಡಿ ಜಾಸ್ತಿ ಅಂದುಕೊಂಡೆ.

ನನ್ನದು ಒಂದು ವರ್ಷ ಪರೀಕ್ಷಾವಧಿ. ಕೆಲಸ ಕಾಯಂ ಆಗಬೇಕಾದರೆ ಹಿರಿಯರು ಕಾಗದಕ್ಕೆ ಸಹಿ ಹಾಕಬೇಕು. ಅವರ ಷರತ್ತು ಒಂದೇ ಒಂದು. ಕಣ್ಣು ಮುಚ್ಚಿ ನಿಂತು, ಎಲ್ಲಿಯ ಸ್ವಿಚ್ಚು ಎಷ್ಟು ಮೆಟ್ಟಿಲು ಹತ್ತಿತು ಅಂತ ನಾನು ಹೇಳಬೇಕು. ಆವತ್ತೇ ಸಹಿ. ಇದೆಲ್ಲಿ ಸಾಧ್ಯ ಅಂತ ನಾನು ಗೊಣಗಿದೆ. ಇನ್ನೂರು ಕೊಡಲಿ ಒಟ್ಟಿಗೆ ಸೌದೆ ಒಡೆಯುವಂಥ ಗದ್ದಲ ಅಲ್ಲಿ.

ಅವರು ನನಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ, ಮೂರನೇ ಸಾಲಿನ ಏಳನೆಯದು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದೆ, ಒಂದು ತೊಟ್ಟು ಎಣ್ಣೆ ಬಿಡು ಅಂದರು. ನಾನು ಎಣ್ಣೆಯ ಡಬ್ಬಿ ಹಿಡಿದು ಹೋಗಿ ಮುಚ್ಚಳಕ್ಕೆ ಕೈ ಹಾಕಿದೆ. ಅವರು ತಿರುಗಲಿಲ್ಲ, ಕಣ್ಣೂ ತೆರೆಯಲಿಲ್ಲ.

"ಅದಲ್ಲ. ಅದು ಆರನೇದು. ಎಡಕ್ಕೆ ಹೋಗು."

ಆವತ್ತಿಡೀ ದಿನ ಅವರ ಬೆನ್ನಿಗೇ ನಮಸ್ಕಾರ ಮಾಡಿಕೊಂಡು ಓಡಾಡಿದೆ.

ಬೀಗ ಹಾಕಿದ ಫೋನು

ಹಿರಿಯರಿಗೆ ಇನ್ನೂ ಕೆಲವು ವಿಚಿತ್ರ ಪದ್ಧತಿಗಳಿದ್ದವು. ಟೆಲಿಫೋನಿನ ಕೆಲಸದವರಾಗಿಯೂ ಅವರು ಫೋನು ಎತ್ತಿ ಮಾತಾಡುತ್ತಿರಲಿಲ್ಲ. ರಿಂಗಾದರೆ, ನೀನೇ ತಗೋ, ಕಲಿಯಬೇಕಾದವನು ನೀನು ಅನ್ನುತ್ತಿದ್ದರು. ಅವರೊಡನೆ ಮಾತಾಡುವಾಗ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು, ಅತ್ತಿತ್ತ ನೋಡುತ್ತ ಹೇಳಿದರೆ ಉತ್ತರವೇ ಇಲ್ಲ. ಸರಕಾರದ ಫೋನನ್ನು ಸ್ವಂತಕ್ಕೆ ಮುಟ್ಟದ ಪ್ರಾಮಾಣಿಕರು, ಶಿಸ್ತಿನ ಮನುಷ್ಯ ಅಂತ ಊರೆಲ್ಲ ಹೊಗಳುತ್ತಿತ್ತು.

ಒಂದು ದಿನ ಎಸ್ಟೇಟಿನ ಧಣಿಗಳೊಬ್ಬರು ಬಂದು ನನ್ನ ಮೇಲೆ ಹರಿಹಾಯ್ದರು. ಅವರು ಮನೆಯ ಫೋನಿನ ಡಯಲಿಗೆ ಪುಟ್ಟ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು. ಆದರೂ ಹೊರಗಿನಿಂದ ಮನೆಗೆ ಫೋನು ಮಾಡಿದರೆ ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ದಿನಾ ಎಂಗೇಜು. ಬೀಗ ಹಾಕಿದ ಫೋನಿನಲ್ಲಿ ಮಾತಾಡುವುದು ದೆವ್ವವೋ, ನಿಮ್ಮ ಇಲಾಖೆಯವರೋ ಅಂತ ಅವರ ಪ್ರಶ್ನೆ.

ಮೂರು ಗಂಟೆಗೆ ಹಿರಿಯರು ಚೌಕಟ್ಟಿನ ಎದುರು ಕಣ್ಣು ಮುಚ್ಚಿ ನಿಂತರು. ಧಣಿಗಳ ಲೈನಿನ ಸ್ವಿಚ್ಚು ಮೆಟ್ಟಿಲು ಹತ್ತಿತು. ನನಗೆ ಎಂದಿನ ಗದ್ದಲವೇ. ಅವರ ಮುಖ ಮಾತ್ರ ಅರಳಿತು.

"ಇದು ಬೆರಳು ಹಾಕಿ ತಿರುಗಿಸಿದ್ದಲ್ಲ ಮಾರಾಯ. ತಟ್ಟಿದ್ದು. ಮೆಣಸು ಕುಟ್ಟಿ ಪಳಗಿದ ಕೈ ಇದು."

ಮಾರನೇ ದಿನ ಧಣಿಗಳಿಲ್ಲದ ಹೊತ್ತಿಗೆ ಬಂಗಲೆಗೆ ಹೋದೆವು. ಅಡುಗೆಯ ಅಮ್ಮ ಮೊದಲು ಹೆದರಿದಳು, ಆಮೇಲೆ ಹಿರಿಯರು ಕೈ ಮುಗಿದು ಕೇಳಿದ್ದಕ್ಕೆ ಮಾಡಿ ತೋರಿಸಿದಳು. ರಿಸೀವರು ಇಡುವ ಜಾಗದ ಗುಂಡಿಯನ್ನು ನಾಲ್ಕು ಸಲ ತಟ್ಟಿದರೆ ನಾಲ್ಕು, ಏಳು ಸಲ ತಟ್ಟಿದರೆ ಏಳು. ಡಯಲು ಮಾಡುವ ಕೆಲಸವೂ ಅಷ್ಟೇ, ತಂತಿಯನ್ನು ಅಷ್ಟು ಸಲ ಕಡಿದು ಕೂಡಿಸುವುದು. ಪಕ್ಕದ ತೋಟದ ಬಂಗಲೆಯಲ್ಲಿ ಅಡುಗೆಗಿದ್ದವಳು ಅವಳ ತಂಗಿ. ಪಾತ್ರೆ ತೊಳೆದಾದ ಮೇಲೆ ಅಕ್ಕ ತಂಗಿಯರು ಅರ್ಧ ಗಂಟೆ ಸುಖದುಃಖ ಮಾತಾಡುತ್ತಿದ್ದರು. ಯಾರು ಹೇಳಿಕೊಟ್ಟರು ಅಂತ ನಾನು ಕೇಳಿದೆ. ಯಾರೂ ಇಲ್ಲ, ಫೋನು ಒರೆಸುವಾಗ ಕೈ ತಾಗಿ ಕಟಕಟ ಅಂದಿತು, ಗೊತ್ತಾಯಿತು ಅಂದಳು. ಶಾಲೆಯ ಮೆಟ್ಟಿಲು ಹತ್ತದವಳು. ನಾನು ಮೂರು ವರ್ಷ ಓದಿ ಕಲಿತ ವಿದ್ಯೆ ಅದು.

ಹಿರಿಯರು ಅವಳು ಕೊಟ್ಟ ಕಡುಬು ತಿಂದು, ಧಣಿಗಳಿಗೆ ವರದಿ ಕೊಟ್ಟರು. ಲೈನಿನಲ್ಲಿ ತೇವ ಸೇರಿಕೊಂಡಿದೆ, ಮಳೆಗಾಲ ಮುಗಿದರೆ ಸರಿಹೋಗುತ್ತದೆ. ಆ ತೇವ ಮಾತ್ರ ನಡುಬೇಸಿಗೆಯಲ್ಲೂ ಆರಲಿಲ್ಲ.

ಕೆಳಗಿಡದ ಫೋನು

ಆ ಕಾಲದ ಯಂತ್ರಕ್ಕೆ ಒಂದು ಗುಣವಿತ್ತು. ಫೋನು ಮಾಡಿದವನು ಕೆಳಗಿಡುವವರೆಗೆ ಮಾಡಿಸಿಕೊಂಡವನಿಗೆ ಬಿಡುಗಡೆಯಿಲ್ಲ. ಅವನು ಎಷ್ಟು ಸಲ ಇಟ್ಟು ಎತ್ತಿದರೂ ಹಳೆಯ ಕರೆಯೇ ಅವನನ್ನು ಹಿಡಿದುಕೊಂಡಿರುತ್ತಿತ್ತು.

ಇದು ನಮ್ಮೂರ ಒಬ್ಬ ಪ್ಲಾಂಟರಿಗೆ ಹೇಗೋ ತಿಳಿದುಬಿಟ್ಟಿತ್ತು. ಅವರ ಜೀಪು ಗ್ಯಾರೇಜಿನ ಕಾಕಾನ ಹತ್ತಿರ ರಿಪೇರಿಗೆ ಹೋಗಿ ಹದಿನೈದು ದಿನವಾಗಿತ್ತು. ಸಿಟ್ಟು ಬಂದ ಪ್ಲಾಂಟರು ಕಾಕಾನಿಗೆ ಫೋನು ಹಚ್ಚಿ, ಬೈಯುವಷ್ಟು ಬೈದು, ರಿಸೀವರನ್ನು ಕೆಳಗಿಡದೆ ದಿಂಬಿನ ಮೇಲೆ ಮಲಗಿಸಿಬಿಟ್ಟರು.

ಮೂರನೇ ದಿನ ಕಾಕಾ ಎಕ್ಸ್‌ಚೇಂಜಿಗೆ ಓಡಿಬಂದ. ಫೋನು ಸತ್ತಿದೆ, ವ್ಯಾಪಾರ ಕೆಟ್ಟಿದೆ ಅಂತ ಗೋಳಾಡಿದ. ಹಿರಿಯರು ನನಗೆ ಪರೀಕ್ಷೆ ಇಟ್ಟರು. ವರ್ಷ ಮುಗಿಯಲು ಎರಡೇ ತಿಂಗಳು ಉಳಿದಿತ್ತು. ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಉಣ್ಣೆಯ ಕಾಲುಚೀಲದಲ್ಲಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲೂ ನಿಂತು ನೋಡಿದೆ. ಏನೂ ತಿಳಿಯಲಿಲ್ಲ. "ಕಾಲುಚೀಲ ಬಿಚ್ಚು ಅಂದ್ರೆ ಕೇಳಲ್ಲ ನೀನು," ಅಂದು ಅವರೇ ಮುಂದೆ ಬಂದರು.

ಅವರು ಕಾಕಾನ ಲೈನಿನ ಮೇಲೆ ನಿಂತಿದ್ದ ಹಿತ್ತಾಳೆಯ ಕೈಯಿಂದ ಶುರುಮಾಡಿ, ಸ್ವಿಚ್ಚಿನಿಂದ ಸ್ವಿಚ್ಚಿಗೆ ಬೆರಳಿಟ್ಟುಕೊಂಡು ಹಿಂದೆ ಹಿಂದೆ ನಡೆದರು. ಇಬ್ಬರು ಮನುಷ್ಯರ ನಡುವಿನ ಜಗಳ ಕಬ್ಬಿಣ ಹಿತ್ತಾಳೆಯಾಗಿ, ಮುಟ್ಟಿ ನೋಡಬಹುದಾದ ಹಾಗೆ ನಮ್ಮ ಕಣ್ಣೆದುರು ನಿಂತಿತ್ತು. ಅಂಥ ಸೋಜಿಗವನ್ನು ನಾನು ಆಮೇಲೆ ಬಂದ ಯಾವ ಯಂತ್ರದಲ್ಲೂ ಕಂಡಿಲ್ಲ. ಬೆರಳು ಕೊನೆಗೆ ಪ್ಲಾಂಟರ ಮನೆಯ ಲೈನಿಗೆ ಹೋಗಿ ಮುಟ್ಟಿತು.

ನಾನು ಅವರ ಮನೆಗೆ ಹೋಗಿ, ಫೋನು ಕೆಳಗಿಡಿ ಅಂತ ಬೇಡಿಕೊಂಡೆ. ಜೀಪು ಅಂಗಳಕ್ಕೆ ಬರುವವರೆಗೆ ಇಡುವುದಿಲ್ಲ ಅಂದರು. ಅಲ್ಲಿಂದ ಕಾಕಾನ ಗ್ಯಾರೇಜಿಗೆ ಬಂದು, ಅವರ ಜೀಪೊಂದು ಕೊಟ್ಟುಬಿಡಿ ಕಾಕಾ ಅಂದೆ.

ಕಾಕಾ ಹಣೆ ಹಣೆ ಚಚ್ಚಿಕೊಂಡ. "ಜೀಪು ಮೊನ್ನೆ ಅವ್ರು ಬೈದ ಸಂಜೇನೇ ರೆಡಿ ಮಾರ್ರೆ. ಬಂದು ತಗೊಂಡೋಗಿ ಅಂತ ಹೇಳ್ಲಿಕ್ಕೆ ಎರಡು ದಿನದಿಂದ ಫೋನ್ ಎತ್ತುತಾ ಇದೀನಿ, ಲೈನೇ ಸಿಗ್ತಿಲ್ಲ!"

ಸಾಹೇಬರ ತಪಾಸಣೆ

ವರ್ಷ ಮುಗಿಯಲು ನಾಲ್ಕು ದಿನ ಇದ್ದಾಗ ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬಂದರು. ನನ್ನ ಕಾಗದ ಸಹಿಯಿಲ್ಲದೆ ಮೇಜಿನ ಮೇಲಿತ್ತು. ಸಹಿ ಇಲ್ಲದಿದ್ದರೆ ಮೂಟೆ ಕಟ್ಟಿ ಕಡೂರಿಗೆ ವಾಪಸು. ಸಾಲದ್ದಕ್ಕೆ ಆವತ್ತು ನಾನು ಬರುವ ದಾರಿಯಲ್ಲಿ ಮಳೆ ಬಡಿದು ಕಾಲುಚೀಲ ತೊಯ್ದು ಮುದ್ದೆಯಾಗಿತ್ತು. ಬೇರೆ ದಾರಿಯಿಲ್ಲದೆ ಬಿಚ್ಚಿ ಕಿಟಕಿಗೆ ನೇತುಹಾಕಿ, ಮೊದಲ ಸಲ ಬರಿಗಾಲಲ್ಲಿ ಆ ಹಲಗೆಯ ಮೇಲೆ ಹೆಜ್ಜೆ ಇಟ್ಟೆ.

ಇಟ್ಟವನು ಹಾಗೇ ನಿಂತೆ. ಹಿಮ್ಮಡಿಯ ಕೆಳಗೆ ಮೂಲೆಯ ಮೋಟಾರು ಕಚಗುಳಿ ಇಡುತ್ತಿತ್ತು. ಎಡಗಾಲಿನ ಹೆಬ್ಬೆರಳಿಗೆ ಯಾರೋ ನಾಲ್ಕು ಸಲ ತಟ್ಟಿದ ಹಾಗಾಯಿತು, ನೋಡಿದರೆ ಎಡಗಡೆಯ ಸ್ವಿಚ್ಚು ನಾಲ್ಕು ಮೆಟ್ಟಿಲು ಹತ್ತಿ ನಿಂತಿದೆ. ಕಣ್ಣು ಮುಚ್ಚಿದೆ. ಬಲಗಡೆ ಏಳು. ಹಿಂದೆ ಎರಡು. ಊರಿನ ಮಾತೆಲ್ಲ ನನ್ನ ಅಂಗಾಲಿನ ಕೆಳಗೆ ಓಡಾಡುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅಷ್ಟರಲ್ಲಿ ಸಾಹೇಬರು ಹಿರಿಯರ ಬೆನ್ನ ಹಿಂದೆ ನಿಂತು ಏನೋ ಕೇಳಿದರು. ಹಿರಿಯರು ತಿರುಗಲಿಲ್ಲ. ಮತ್ತೆ ಕೇಳಿದರು. ರೀ, ನಿಮಗೇ ಹೇಳ್ತಿರೋದು ಅಂತ ಮೂರನೇ ಸಲ ದನಿ ಏರಿಸಿದರು. ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಎತ್ತದ ಫೋನು, ಮುಖ ನೋಡಿಯೇ ಆಡಬೇಕಾದ ಮಾತು. ನಾನು ಹಲಗೆಯ ಮೇಲೆ ಹಿಮ್ಮಡಿಯಿಂದ ಎರಡು ಸಲ ಗುದ್ದಿದೆ. ಹಿರಿಯರು ತಟ್ಟನೆ ತಿರುಗಿ, ಏನು ಸಾರ್ ಅಂದರು.

ಸಾಹೇಬರಿಗೆ ಸಂಶಯ ಹೋಗಲಿಲ್ಲ. ಮೇಜಿನ ಮೇಲಿದ್ದ, ತಂತಿಗೆ ಕಚ್ಚಿಸಿ ಪರೀಕ್ಷೆ ಮಾಡುವ ಫೋನನ್ನು ಎತ್ತಿ ಅವರ ಕೈಗೆ ಕೊಟ್ಟರು. ಟೋನು ಹೇಗಿದೆ ಕೇಳಿ ಹೇಳಿ ಅಂದರು. ನಾನು ಮೇಜಿನ ಪಕ್ಕಕ್ಕೆ ಸರಿದು ನಿಂತೆ. ಹಿರಿಯರು ಗಂಭೀರವಾಗಿ ಫೋನನ್ನು ಕಿವಿಗೆ ಹಿಡಿದು, ಒಂದು ಪಾದವನ್ನು ಮೆಲ್ಲಗೆ ಮೋಟಾರಿನ ಕಡೆಗೆ ಸರಿಸಿ, ಕಣ್ಣು ಮುಚ್ಚಿದರು.

"ಟೋನು ಒಂಚೂರು ನಡುಗ್ತಿದೆ ಸಾರ್. ಮೋಟಾರಿನ ಬ್ರಷ್ ಸವೆದಿದೆ. ಎಡಗಡೇದು."

ಮೋಟಾರು ಬಿಚ್ಚಿದರು. ಕರೆಂಟು ಮುಟ್ಟಿಸುವ ಇದ್ದಿಲಿನ ತುಂಡು, ಎಡಗಡೆಯ ಬ್ರಷ್ಷು, ಸವೆದು ಉಗುರಿನಷ್ಟಾಗಿತ್ತು. ಸಾಹೇಬರು ಬೆರಗಾಗಿ, ಇಂಥ ಕಿವಿ ಜಿಲ್ಲೆಯಲ್ಲೇ ಇನ್ನೊಂದಿಲ್ಲ ಅಂತ ತಪಾಸಣೆ ಪುಸ್ತಕದಲ್ಲಿ ಬರೆದು ಹೋದರು. ಆ ಫೋನಿನ ತಂತಿ ಎಲ್ಲಿಗೂ ಕಚ್ಚಿಸಿರಲಿಲ್ಲ, ಅದರ ತುದಿಯನ್ನು ನಾನು ಅಷ್ಟು ಹೊತ್ತೂ ಕಾಲಡಿಯಲ್ಲಿ ಮುಚ್ಚಿಟ್ಟುಕೊಂಡಿದ್ದೆ ಅನ್ನುವುದು ಅವರಿಗೆ ತಿಳಿಯಲೇ ಇಲ್ಲ.

ಸಾಹೇಬರ ಜೀಪಿನ ಸದ್ದು ದೂರವಾದ ಮೇಲೆ ಹಿರಿಯರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಯಾವಾಗ ಗೊತ್ತಾಯಿತು ಅಂತ ಕೇಳಿದರು. ಈವತ್ತೇ, ಕಾಲುಚೀಲ ಬಿಚ್ಚಿದಾಗ ಅಂದೆ. ಎರಡೂ ಕಿವಿ ಹೋಗಿ ಆರು ವರ್ಷವಾಯಿತು ಅಂದರು. ಹೊರಗೆ ಗೊತ್ತಾದರೆ ಚಿಕ್ಕಮಗಳೂರಿನಲ್ಲಿ ಕಾಗದದ ಕಟ್ಟು ಕಾಯುವುದಕ್ಕೆ ಹಾಕುತ್ತಾರೆ, ಈ ಯಂತ್ರ ಬಿಟ್ಟು ನನಗೆ ಜೀವ ನಿಲ್ಲುವುದಿಲ್ಲ ಅಂದರು. ನಾನು ಯಾರಿಗೂ ಹೇಳುವುದಿಲ್ಲ ಅಂತ ಅವರ ಮುಖ ನೋಡಿ, ನಿಧಾನವಾಗಿ, ತುಟಿ ಬಿಡಿಸಿ ಹೇಳಿದೆ.

ಅವರು ನನ್ನ ಕಾಗದ ಎಳೆದುಕೊಂಡು ಸಹಿ ಹಾಕಿದರು. ಪೆನ್ನು ಮುಚ್ಚಿ, ಕಿಟಕಿಯಲ್ಲಿ ತೊಟ್ಟಿಕ್ಕುತ್ತಿದ್ದ ನನ್ನ ಉಣ್ಣೆಯ ಕಾಲುಚೀಲವನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಬಿಚ್ಚು ಬಿಚ್ಚು ಅಂತ ವರ್ಷಪೂರ್ತಿ ಹೇಳಿದೆನಲ್ಲ ಮಾರಾಯ. ಈ ಕೋಣೇಲಿ ಕಿವಿ ಕೇಳದವ ನಾನೊಬ್ಬನೇ ಅಂದ್ಕೊಂಡಿದ್ದೆ."